ಹಸಿರು ಕಂಡ ಮಾತ್ರಕ್ಕೆ ಗಿಡ ಕಂಡಂತಲ್ಲ

ಒಂದು ವೆಬ್‌ಕ್ಯಾಮ್, ಹಳೆಯದೊಂದು ಗಣಕಯಂತ್ರ, ಹತ್ತಿಪ್ಪತ್ತು ಸಾಲುಗಳ ಪ್ರೋಗ್ರಾಮು: ಇಷ್ಟಿದ್ದರೆ ಸಸ್ಯಗಳನ್ನು ಬಣ್ಣದಿಂದಲೇ ಗುರುತಿಸಬಹುದೆಂಬ ಮಾತು ಶಾಲೆಗಳ ವಿಜ್ಞಾನ ಪ್ರದರ್ಶನದಿಂದ ಹಿಡಿದು ಕೃಷಿ ಮೇಳದ ಮಳಿಗೆಗಳವರೆಗೆ ಕೇಳಿಬರುತ್ತಿದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕ್ಯಾಮೆರಾ ಗುರುತಿಸುವುದು ಹಸಿರನ್ನು. ಆ ಹಸಿರು ರಾಗಿಯೋ, ರಾಗಿಯಂತೆಯೇ ಕಾಣುವ ಹುಲ್ಲೋ, ಮನೆಯ ಸಾರಿಗೆ ಬೇಕಾದ ಸೊಪ್ಪೋ ಎಂಬುದನ್ನು ಬಣ್ಣ ಹೇಳುವುದಿಲ್ಲ. ‘ಇಲ್ಲಿ ಹಸಿರಿದೆ’ ಎಂಬುದರಿಂದ ‘ಇಲ್ಲಿ ಇಂಥ ಗಿಡವಿದೆ’ ಎಂಬಲ್ಲಿಗೆ ಹೋಗಲು ಬಹುದೊಡ್ಡ ಹೆಜ್ಜೆಯೊಂದನ್ನು ಇಡಬೇಕು. ಆ ಹೆಜ್ಜೆಯನ್ನು ಯಾರೂ ಗಮನಿಸದಂತೆ ಇಡಲಾಗುತ್ತಿದೆ ಎಂಬುದೇ ಈ ಲೇಖನದ ತಕರಾರು.

ತಕರಾರು ಯಂತ್ರದ ಮೇಲಲ್ಲ. ಯಂತ್ರದ ಬಾಯಲ್ಲಿ ಅದು ಆಡದ ಮಾತನ್ನು ಆಡಿಸಿ, ಆ ಮಾತಿನ ಆಧಾರದ ಮೇಲೆ ರೈತನ ಪರಿಹಾರವನ್ನೂ ಹೊಲದ ಜೀವವೈವಿಧ್ಯವನ್ನೂ ನಾಡಿನ ಕಾಡಿನ ಲೆಕ್ಕವನ್ನೂ ತೀರ್ಮಾನಿಸುವ ಪ್ರವೃತ್ತಿಯ ಮೇಲೆ.

ಯಂತ್ರ ನೋಡುವ ಬಗೆ

ಮೊದಲಿಗೆ ಈ ವಿದ್ಯೆಯಲ್ಲಿ ಏನಿದೆ ಎಂಬುದನ್ನು ನ್ಯಾಯವಾಗಿ ನೋಡೋಣ. ಜಗತ್ತಿನ ಮೊದಲ ವೆಬ್‌ಕ್ಯಾಮ್ ಎಂದು ಹೆಸರಾದದ್ದನ್ನು 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಕ ಪ್ರಯೋಗಾಲಯದಲ್ಲಿ ಅಳವಡಿಸಿದ್ದು ಕಾಫಿ ಪಾತ್ರೆಯೊಂದನ್ನು ನೋಡುವುದಕ್ಕಾಗಿ. ಪಾತ್ರೆಯಲ್ಲಿ ಕಾಫಿ ಇದೆಯೋ ಇಲ್ಲವೋ ಎಂಬುದಷ್ಟೇ ಅದು ತಿಳಿಸಬೇಕಿದ್ದ ಸಂಗತಿ. ಕಾಫಿ ಅರೇಬಿಕವೋ ರೊಬಸ್ಟವೋ ಎಂದು ಅದನ್ನು ಯಾರೂ ಕೇಳಲಿಲ್ಲ. ಇಂದಿನ ವೆಬ್‌ಕ್ಯಾಮುಗಳ ಚಿತ್ರ ಎಷ್ಟು ಸ್ಪಷ್ಟವಾದರೂ, ಬಣ್ಣವನ್ನಷ್ಟೇ ನಂಬಿದರೆ ಅವು ಕೊಡಬಲ್ಲ ಉತ್ತರ ಆ ಜಾತಿಯದೇ: ಇದೆ ಅಥವಾ ಇಲ್ಲ.

ಸಾಧಾರಣ ವೆಬ್‌ಕ್ಯಾಮಿನ ಒಂದು ಚಿತ್ರದಲ್ಲಿ ಅಡ್ಡಕ್ಕೆ 640, ಉದ್ದಕ್ಕೆ 480, ಒಟ್ಟು 3,07,200 ಚುಕ್ಕೆಗಳಿರುತ್ತವೆ. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿಗಳು. ಪ್ರತಿಯೊಂದೂ 0ಯಿಂದ 255ರೊಳಗೆ. ಎಲೆಯ ಪತ್ರಹರಿತ್ತು ಕೆಂಪು ಹಾಗೂ ನೀಲಿ ಬೆಳಕನ್ನು ಹೆಚ್ಚಾಗಿ ಹೀರಿಕೊಂಡು ಹಸಿರನ್ನು ಸ್ವಲ್ಪ ಹೆಚ್ಚಾಗಿ ಹಿಂದಿರುಗಿಸುವುದರಿಂದ, ಎಲೆಯ ಚುಕ್ಕೆಯಲ್ಲಿ ಹಸಿರಿನ ಅಂಕಿ ಉಳಿದೆರಡಕ್ಕಿಂತ ದೊಡ್ಡದು. ಅಮೆರಿಕದ ಸಂಶೋಧಕರು 1995ರಲ್ಲಿ ಪ್ರಕಟಿಸಿದ ಸರಳ ಸೂತ್ರವೊಂದು ಇಂದಿಗೂ ಬಳಕೆಯಲ್ಲಿದೆ: ಹಸಿರಿನ ಎರಡರಷ್ಟರಿಂದ ಕೆಂಪನ್ನೂ ನೀಲಿಯನ್ನೂ ಕಳೆಯಬೇಕು. ಉಳಿದ ಶೇಷ ನಾವು ಗೊತ್ತುಪಡಿಸಿದ ಮಿತಿಗಿಂತ ಹೆಚ್ಚಾದರೆ ಅದು ಸಸ್ಯ; ಇಲ್ಲವಾದರೆ ಮಣ್ಣು.

ಉದಾಹರಣೆಗೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಬಿಸಿಲಿನಲ್ಲಿರುವ ರಾಗಿ ಪೈರಿನ ಚುಕ್ಕೆಯಲ್ಲಿ ಕೆಂಪು 90, ಹಸಿರು 140, ನೀಲಿ 60 ಇದ್ದರೆ ಶೇಷ 130. ಕೆಂಪು ಮಣ್ಣಿನ ಚುಕ್ಕೆಯಲ್ಲಿ 150, 95, 70 ಇದ್ದರೆ ಶೇಷ ಸೊನ್ನೆಗಿಂತ 30 ಕಡಿಮೆ. ಎರಡನ್ನೂ ಬೇರ್ಪಡಿಸುವುದು ಮಕ್ಕಳಾಟ. ಅದೇ ರಾಗಿಯ ನೆರಳಿಗೆ ಬಿದ್ದ ಎಲೆಯಲ್ಲಿ 40, 55, 35 ಇದ್ದರೆ ಶೇಷ ಬರೀ 35. ಮಿತಿಯನ್ನು 50 ಎಂದು ಇಟ್ಟವನಿಗೆ ಅದು ಸಸ್ಯವೇ ಅಲ್ಲ. ಬುದ್ಧಿವಂತ ವಿದ್ಯಾರ್ಥಿ ಇದಕ್ಕೆ ಪರಿಹಾರ ಹುಡುಕುತ್ತಾನೆ: ಶೇಷವನ್ನು ಮೂರು ಅಂಕಿಗಳ ಮೊತ್ತದಿಂದ ಭಾಗಿಸಿದರೆ ಬಿಸಿಲಿನ ಎಲೆಗೆ 0.45, ನೆರಳಿನ ಎಲೆಗೆ 0.27 ಬಂದು ಎರಡೂ ಸಸ್ಯವೆಂದೇ ತಿಳಿಯುತ್ತವೆ. ಇಲ್ಲಿಯವರೆಗೆ ಸಂತೋಷ. ಈಗ ಅದೇ ಕ್ಯಾಮೆರಾದ ಮುಂದೆ ಪಾರ್ಥೇನಿಯಂ ಎಲೆಯನ್ನು ಹಿಡಿಯಿರಿ. 95, 145, 70 ಬಂದೀತು, ಭಾಗಿಸಿದರೆ 0.40. ಅದು ರಾಗಿಯ ಬಿಸಿಲು ಎಲೆಗೂ ನೆರಳು ಎಲೆಗೂ ನಡುವೆ ಬಂದು ಕೂರುತ್ತದೆ. ಒಂದೇ ಪೈರಿನ ಎರಡು ಎಲೆಗಳ ನಡುವಿನ ಅಂತರ ಪೈರಿಗೂ ಕಳೆಗೂ ನಡುವಿನ ಅಂತರಕ್ಕಿಂತ ದೊಡ್ಡದಾದ ಮೇಲೆ, ಯಾವ ಮಿತಿಯನ್ನು ಇಟ್ಟು ಇವೆರಡನ್ನು ಬೇರ್ಪಡಿಸುವುದು? ಇದು ಪ್ರೋಗ್ರಾಮಿನ ದೋಷವಲ್ಲ, ಬಣ್ಣದ ಮಿತಿ. ಹಸಿರು ಎಲ್ಲ ಸಸ್ಯಗಳ ಸಮಾನ ಆಸ್ತಿ.

ಒಂದು ಹಳದಿ, ನಾಲ್ಕು ತಾಲ್ಲೂಕು

ಹಸಿರಿನ ಮಾತು ಹಾಗಿರಲಿ. ಹಳದಿಯಾದರೂ ರೋಗವನ್ನು ಹೇಳುತ್ತದೆಯೇ? ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಒಮ್ಮೆ ಸುತ್ತಿ ಬಂದರೆ ಉತ್ತರ ಸಿಗುತ್ತದೆ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುತ್ತಮುತ್ತ ಹೊಗೆಸೊಪ್ಪಿನ ಎಲೆ ಬುಡದಿಂದ ಮೇಲಕ್ಕೆ ಹಳದಿಗೆ ತಿರುಗಿತೆಂದರೆ ಎಲೆ ಮಾಗಿತೆಂದು ಅರ್ಥ. ಅದನ್ನು ಮುರಿದು ಬ್ಯಾರನ್‌ನಲ್ಲಿ ಬೇಯಿಸಿದ ಮೇಲೆ ಹರಾಜು ಕಟ್ಟೆಯಲ್ಲಿ ಬೆಲೆಯನ್ನು ಕಟ್ಟುವಾಗಲೂ ಬಣ್ಣಕ್ಕೆ ಮುಖ್ಯ ಸ್ಥಾನವಿದೆ. ಅಲ್ಲಿ ಹಳದಿ ಎಂದರೆ ಹಣ. ಹೊಳೆನರಸೀಪುರದ ಹೇಮಾವತಿ ನಾಲೆಯ ಕೆಳಗಿನ ಗದ್ದೆಯಲ್ಲಿ ಭತ್ತದ ಹಳೆಯ ಎಲೆಗಳು ಹಳದಿಯಾದರೆ ಅದು ಸಾರಜನಕದ ಹಸಿವಿರಬಹುದು. ಕಟಾವಿನ ಮುಂಚೆಯಾದರೆ ಬರೀ ಬಲಿತ ಲಕ್ಷಣ. ಹಾಸನ ತಾಲ್ಲೂಕಿನ ಆಲೂಗಡ್ಡೆ ಹೊಲದಲ್ಲಿ ಹಳದಿಗೆ ನೀರು ನಿಂತದ್ದು, ಪೋಷಕಾಂಶದ ಕೊರತೆ, ನಂಜು ರೋಗ ಎಂದು ಹಲವು ಕಾರಣಗಳಿವೆ. ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ ಬುಡದ ಗರಿ ಹಳದಿಯಾದರೆ ಅದು ವಯಸ್ಸೂ ಆಗಿರಬಹುದು, ಪೊಟ್ಯಾಷ್ ಕೊರತೆಯೂ ಆಗಿರಬಹುದು, ನೀರಿನ ಅಭಾವವೂ ಆಗಿರಬಹುದು.

ಬಣ್ಣ ಒಂದೇ, ಅರ್ಥ ಒಂದೊಂದು ಕಡೆ ಒಂದೊಂದು. ಗಿಡ ಯಾವುದು, ಅದರ ವಯಸ್ಸೆಷ್ಟು, ಹಿಂದಿನ ವಾರ ಮಳೆ ಬಂತೇ, ಯಾವ ಎಲೆ ಹಳದಿಯಾಗಿದೆ ಎಂಬುದು ಮೊದಲೇ ಗೊತ್ತಿದ್ದವನಿಗೆ ಮಾತ್ರ ಬಣ್ಣ ಮಾತಾಡುತ್ತದೆ.

ಇನ್ನು ಕೆಲವು ರೋಗಗಳು ಮೇಲಿನಿಂದ ನೋಡುವವನಿಗೆ ಹೊತ್ತು ಮೀರುವವರೆಗೆ ತಮ್ಮ ಗುರುತನ್ನು ಕೊಡುವುದೇ ಇಲ್ಲ. ಆಲೂಗಡ್ಡೆಯ ಅಂಗಮಾರಿಯಲ್ಲಿ ಎಲೆಯ ಮೇಲೆ ನೀರು ತೊಯ್ದಂಥ ಕಲೆ ಕಂಡಾಗ ಎಲೆಯನ್ನು ಮಗುಚಿ ನೋಡಬೇಕು. ತೇವವಿರುವ ಮುಂಜಾನೆ ಅಲ್ಲಿ ಕಲೆಯ ಅಂಚಿನಲ್ಲಿ ಬಿಳಿಯ ಬೂಷ್ಟು ಕಾಣುತ್ತದೆ. ತೆಂಗಿನ ಕಪ್ಪುತಲೆ ಹುಳು ಗರಿಯ ಅಡಿಭಾಗದಲ್ಲಿ ಹಿಕ್ಕೆಯ ಪುಡಿಯಿಂದ ಗೂಡು ಕಟ್ಟಿಕೊಂಡು ಹಸಿರನ್ನು ಕೆರೆದು ತಿನ್ನುತ್ತದೆ. ದೂರದಿಂದ ನೋಡುವವರಿಗೆ ಗರಿಗಳು ಬರಗಾಲಕ್ಕೆ ಸುಟ್ಟಂತೆ ಕಾಣುತ್ತವೆ. ಬರವೆಂದು ತಿಳಿದವರು ನೀರಿಗೆ ಕಾಯುತ್ತಾರೆ. ಹುಳುವೆಂದು ತಿಳಿದವರು ಗೋನಿಯೋಜಸ್ ಎಂಬ ಪುಟ್ಟ ಪರಾವಲಂಬಿ ಕಣಜವನ್ನು ತಂದು ಬಿಡುತ್ತಾರೆ. ಎಲೆಯ ಅಡಿಯನ್ನು ನೋಡದ ಕಣ್ಣಿಗೆ ಎರಡೂ ಒಂದೇ ಕಂದು.

ಬಣ್ಣದ ವಿದ್ಯೆ ರೈತರಿಗೆ ಹೊಸತಲ್ಲ

ಬಣ್ಣದಿಂದ ಗುರುತಿಸುವ ವಿದ್ಯೆಯನ್ನು ಗಣಕ ತಂದಿತೆಂದು ಭಾವಿಸುವವರು ನಮ್ಮ ಬೇಸಾಯವನ್ನು ಅರಿಯರು. ಭತ್ತದ ಗದ್ದೆಯಲ್ಲಿ ಕಾಡುಭತ್ತ ಬೆರೆತರೆ ತೆನೆ ಬರುವವರೆಗೆ ಅದನ್ನು ಬೇರ್ಪಡಿಸುವುದು ಕಷ್ಟ. ಇದಕ್ಕೆ ರೈತರು ಕಂಡುಕೊಂಡ ಉಪಾಯ ಎಂಥದು! ಡಾಂಬರ್ ಸಾಲಿಯಂಥ ನೇರಳೆ ಎಲೆಯ ತಳಿಯನ್ನು ಬಿತ್ತಿದರೆ, ಆ ಗದ್ದೆಯಲ್ಲಿ ಹಸಿರಾಗಿ ಕಂಡದ್ದೆಲ್ಲ ಕಳೆಯೇ, ಕಣ್ಣುಮುಚ್ಚಿ ಕೀಳಬಹುದು. ಛತ್ತೀಸಗಢದ ಕೃಷಿ ವಿಶ್ವವಿದ್ಯಾಲಯ ಇದೇ ಉದ್ದೇಶಕ್ಕೆ ಶ್ಯಾಮಲಾ ಎಂಬ ನೇರಳೆ ತಳಿಯನ್ನು ಬಿಡುಗಡೆ ಮಾಡಿತು. ಇಲ್ಲಿಯ ವಿವೇಕವನ್ನು ಗಮನಿಸಿ. ಬಣ್ಣ ತಾನಾಗಿ ಜಾತಿಯನ್ನು ಹೇಳದೆಂದು ರೈತ ಬಲ್ಲ. ಆದ್ದರಿಂದ ಬಣ್ಣ ಗುರುತಾಗಿ ನಿಲ್ಲುವಂತೆ ಇಡೀ ಗದ್ದೆಯನ್ನೇ ಮೊದಲು ಸಜ್ಜುಗೊಳಿಸುತ್ತಾನೆ.

ಎಲೆ ಬಣ್ಣದ ಪಟ್ಟಿಯೂ ಹೀಗೆಯೇ. ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದ ಈ ಪ್ಲಾಸ್ಟಿಕ್ ಪಟ್ಟಿಯಲ್ಲಿ ತಿಳಿಹಸಿರಿನಿಂದ ಕಡುಹಸಿರಿನವರೆಗೆ ಕೆಲವೇ ಛಾಯೆಗಳಿವೆ. ಹತ್ತು ಗಿಡಗಳಿಂದ ಪೂರ್ಣ ಬಿಚ್ಚಿದ ತುದಿಯ ಎಲೆಯನ್ನು ಆರಿಸಿ, ನಮ್ಮ ಮೈಯ ನೆರಳಿನಲ್ಲಿ ಹಿಡಿದು, ದಿನದ ಒಂದೇ ಹೊತ್ತಿನಲ್ಲಿ, ಒಬ್ಬರೇ ನೋಡಬೇಕು. ಹತ್ತರಲ್ಲಿ ಐದಕ್ಕಿಂತ ಹೆಚ್ಚು ಎಲೆಗಳು ನಿಗದಿತ ಛಾಯೆಗಿಂತ ತಿಳಿಯಾಗಿದ್ದರೆ ಯೂರಿಯಾ ಕೊಡಬೇಕು; ಇಲ್ಲದಿದ್ದರೆ ಬೇಡ. ಈ ಪಟ್ಟಿ ಗಿಡದ ಹೆಸರನ್ನು ಹೇಳುವ ಸಾಹಸ ಮಾಡುವುದಿಲ್ಲ. ಭತ್ತವೆಂದು ಗೊತ್ತಿರುವ ಗಿಡದ ಬಗ್ಗೆ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಬೆಳಕನ್ನು ಹೇಗೆ ಹತೋಟಿಯಲ್ಲಿಡಬೇಕೆಂದು ಮೊದಲೇ ಹೇಳುತ್ತದೆ. ಮೋಡ ಬಂದಾಗ ತನ್ನಷ್ಟಕ್ಕೆ ಬಣ್ಣವನ್ನು ಸರಿಪಡಿಸಿಕೊಳ್ಳುವ ವೆಬ್‌ಕ್ಯಾಮಿಗಿಂತ ಈ ಪ್ಲಾಸ್ಟಿಕ್ ತುಂಡು ಪ್ರಾಮಾಣಿಕ.

ಕಳೆ ಎನ್ನುವವರು ಯಾರು?

ಬಣ್ಣ ನೋಡಿ ಸಿಂಪಡಿಸುವ ಯಂತ್ರಗಳು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಇವೆ. ಖಾಲಿ ನೆಲದ ಮೇಲೆ ಹಸಿರು ಕಂಡಲ್ಲಿ ಮಾತ್ರ ಕಳೆನಾಶಕವನ್ನು ಚಿಮ್ಮಿಸುವುದು ಅವುಗಳ ಕೆಲಸ. 2017ರಲ್ಲಿ ಅಮೆರಿಕದ ಜಾನ್ ಡೀರ್ ಕಂಪನಿ ಬ್ಲೂ ರಿವರ್ ಟೆಕ್ನಾಲಜಿ ಎಂಬ ಸಂಸ್ಥೆಯನ್ನು ಕೊಂಡ ಮೇಲೆ, ಪೈರಿನ ನಡುವಿನ ಕಳೆಯನ್ನೂ ಕ್ಯಾಮೆರಾದಿಂದ ಆರಿಸಿ ಸಿಂಪಡಿಸುವ ಯಂತ್ರಗಳು ಮಾರುಕಟ್ಟೆಗೆ ಬಂದವು. ಸಾವಿರಾರು ಎಕರೆಯಲ್ಲಿ ಒಂದೇ ಬೆಳೆಯನ್ನು ಒಂದೇ ಅಂತರದ ಸಾಲಿನಲ್ಲಿ ಬೆಳೆಯುವ ದೇಶದಲ್ಲಿ, ಇಡೀ ಹೊಲಕ್ಕೆ ವಿಷ ಸುರಿಯುವುದಕ್ಕಿಂತ ಇದು ಉತ್ತಮವೆಂಬುದನ್ನು ಒಪ್ಪೋಣ.

ಆದರೆ ಚನ್ನರಾಯಪಟ್ಟಣದ ಅಥವಾ ಹಾಸನದ ರಾಗಿ ಹೊಲ ಅಂಥದಲ್ಲ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ ಇರುತ್ತವೆ. ಇವುಗಳ ನಡುವೆ ಯಾರೂ ಬಿತ್ತದೆ ಹುಟ್ಟುವ ಅಣ್ಣೆ, ಹೊನಗೊನ್ನೆ, ಗಣಿಕೆ, ಗೋಣಿ, ದಗ್ಗಲರಿವೆ ಸೊಪ್ಪುಗಳಿರುತ್ತವೆ. ಕಳೆ ಕೀಳಲು ಹೋದ ಹೆಣ್ಣುಮಕ್ಕಳು ಸಂಜೆ ಮಡಿಲು ತುಂಬ ತರುವ ಬೆರಕೆ ಸೊಪ್ಪು ಇದೇ. ಕೃಷಿ ವಿಜ್ಞಾನದ ಪಠ್ಯದಲ್ಲಿ ಅಣ್ಣೆ ಸೊಪ್ಪು ರಾಗಿಯ ಕಳೆಗಳ ಪಟ್ಟಿಯಲ್ಲಿದೆ. ನಮ್ಮ ಅಡಿಗೆಮನೆಯಲ್ಲಿ ಅದು ಸಾರಿನ ಮಡಕೆಯಲ್ಲಿದೆ. ‘ಕಳೆ’ ಎಂಬುದು ಸಸ್ಯಶಾಸ್ತ್ರದ ಜಾತಿಯಲ್ಲ. ಅದು ಯಾರೋ ಮಾಡಿದ ತೀರ್ಮಾನ. ಆ ತೀರ್ಮಾನವನ್ನು ಇಷ್ಟು ಕಾಲ ಹೊಲದಲ್ಲಿ ಬಗ್ಗಿದ ಹೆಂಗಸು ಮಾಡುತ್ತಿದ್ದಳು. ಅದನ್ನು ಅವಳ ಕೈಯಿಂದ ಕಿತ್ತು ಮಿತಿ ಅಂಕಿಯೊಂದಕ್ಕೆ ಒಪ್ಪಿಸಿದರೆ ಹೋಗುವುದು ಕೂಲಿ ಮಾತ್ರವಲ್ಲ, ಬಡ ಮನೆಯ ಕಬ್ಬಿಣಾಂಶವೂ ಹೋಗುತ್ತದೆ.

ಆಕೆಯ ಕೈ ಗುರುತಿಸುವ ಸೂಕ್ಷ್ಮವನ್ನೂ ನೋಡಿ. ಭತ್ತದ ಸಸಿಯನ್ನೇ ಹೋಲುವ ಎಕೈನೊಕ್ಲೊವ ಜಾತಿಯ ಹುಲ್ಲನ್ನು ಭತ್ತದಿಂದ ಬೇರ್ಪಡಿಸುವುದು ಬಣ್ಣವಲ್ಲ. ಎಲೆ ಕಾಂಡಕ್ಕೆ ಸೇರುವ ಸಂದಿನಲ್ಲಿ ಭತ್ತಕ್ಕೆ ತೆಳುವಾದ ಪೊರೆಯ ನಾಲಿಗೆಯೊಂದಿರುತ್ತದೆ, ಆ ಹುಲ್ಲಿಗೆ ಇರುವುದಿಲ್ಲ. ಅಷ್ಟೇ ಅಲ್ಲ, ಆ ಹುಲ್ಲು ಭತ್ತವನ್ನು ಹೋಲುವಂತಾದದ್ದೇ ಮನುಷ್ಯರು ಕಳೆ ಕಿತ್ತದ್ದರಿಂದ. ಭಿನ್ನವಾಗಿ ಕಂಡದ್ದನ್ನು ತಲೆಮಾರುಗಳ ಕಾಲ ಕಿತ್ತದ್ದರಿಂದ, ಹೋಲಿಕೆಯುಳ್ಳದ್ದು ಉಳಿದು ಬೀಜ ಕಟ್ಟಿತು. ರಷ್ಯದ ವಿಜ್ಞಾನಿ ನಿಕೊಲಾಯ್ ವವಿಲೋವ್ ಅವರ ಹೆಸರಿನಿಂದಲೇ ಈ ವಿದ್ಯಮಾನ ಪ್ರಸಿದ್ಧವಾಗಿದೆ. ಬಣ್ಣವನ್ನಷ್ಟೇ ನೋಡಿ ಕೊಲ್ಲುವ ಯಂತ್ರವನ್ನು ವರ್ಷಗಟ್ಟಲೆ ಓಡಿಸಿದರೆ, ಪೈರಿನ ಬಣ್ಣವನ್ನೇ ಹೊತ್ತ ಕಳೆಯನ್ನು ನಾವೇ ಆರಿಸಿ ಬೆಳೆಸಿದಂತಾಗುತ್ತದೆ.

ಆಕಾಶದಿಂದ ನೋಡುವ ಅಣ್ಣ

ವೆಬ್‌ಕ್ಯಾಮಿಗೆ ಆಕಾಶದಲ್ಲೊಬ್ಬ ಅಣ್ಣನಿದ್ದಾನೆ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ 1987ರಿಂದ ಉಪಗ್ರಹ ಚಿತ್ರಗಳನ್ನು ಆಧರಿಸಿ ದೇಶದ ಅರಣ್ಯ ಹೊದಿಕೆಯ ವರದಿಯನ್ನು ಪ್ರಕಟಿಸುತ್ತ ಬಂದಿದೆ. ಅದು ಬಳಸುವ ಉಪಗ್ರಹ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 23.5 ಮೀಟರ್ ಚೌಕ, ಅಂದರೆ ಸುಮಾರು ಐದೂವರೆ ಗುಂಟೆ. ಸಂಸ್ಥೆಯ ವ್ಯಾಖ್ಯೆಯ ಪ್ರಕಾರ ಒಂದು ಹೆಕ್ಟೇರಿಗಿಂತ ಹೆಚ್ಚಿನ ಜಾಗದಲ್ಲಿ ಮರಗಳ ಮೇಲ್ಛಾವಣಿ ಶೇ. 10ಕ್ಕಿಂತ ಹೆಚ್ಚಿದ್ದರೆ ಅದು ಅರಣ್ಯ ಹೊದಿಕೆ. ಒಡೆತನ ಯಾರದೇ ಇರಲಿ, ಮರ ಯಾವುದೇ ಇರಲಿ. ಹಣ್ಣಿನ ತೋಟ, ಬಿದಿರು, ತಾಳೆ ಜಾತಿಯ ಮರಗಳೂ ಇದರಲ್ಲಿ ಸೇರುತ್ತವೆ.

ಸಂಸ್ಥೆ ತನ್ನ ವ್ಯಾಖ್ಯೆಯನ್ನು ಮುಚ್ಚಿಟ್ಟಿಲ್ಲ. ಕ್ಷೇತ್ರ ಪರಿಶೀಲನೆಯನ್ನೂ ಮಾಡುತ್ತದೆ. ಮುಚ್ಚಿಡುವವರು ವರದಿಯನ್ನು ಉಲ್ಲೇಖಿಸುವವರು. 2024ರ ಡಿಸೆಂಬರಿನಲ್ಲಿ ಬಿಡುಗಡೆಯಾದ ವರದಿಯ ಪ್ರಕಾರ ದೇಶದ ಅರಣ್ಯ ಹೊದಿಕೆ 7,15,343 ಚದರ ಕಿಲೋಮೀಟರ್. ‘ಕಾಡು ಹೆಚ್ಚಿತು’ ಎಂದು ವೇದಿಕೆಯಲ್ಲಿ ಸಾರುವಾಗ ಅದರಲ್ಲಿ ಎಷ್ಟು ತೆಂಗು, ಎಷ್ಟು ಕಾಫಿ ತೋಟ, ಎಷ್ಟು ನೀಲಗಿರಿ, ಎಷ್ಟು ಅಕೇಶಿಯ, ಎಷ್ಟು ನಿಜವಾದ ಕಾಡು ಎಂದು ಯಾರೂ ಹೇಳುವುದಿಲ್ಲ. ಚನ್ನರಾಯಪಟ್ಟಣದ ತೆಂಗಿನ ತೋಟವೂ ಬಿಸಿಲೆಯ ಮಳೆಕಾಡೂ ಒಂದೇ ಹೆಸರಿನಡಿ ಸೇರಬಲ್ಲ ಲೆಕ್ಕದಲ್ಲಿ, ಬಿಸಿಲೆಯಲ್ಲಿ ಕಳೆದದ್ದನ್ನು ಬಯಲಿನಲ್ಲಿ ಗಳಿಸಿ ಸರಿದೂಗಿಸಬಹುದು. ಕಾಗದದ ಮೇಲೆ ಹಸಿರು ಸಮ. ನೀರಿನ ಒರತೆಗೆ, ಸಿಂಗಳೀಕಕ್ಕೆ, ಮಣ್ಣಿಗೆ ಅದು ಸಮವಲ್ಲ.

ಈ ವ್ಯತ್ಯಾಸ ಹಳ್ಳಿಯ ಜನಕ್ಕೆ ಬಹಳ ಹಿಂದೆಯೇ ತಿಳಿದಿತ್ತು. 1983ರ ಆಗಸ್ಟಿನಲ್ಲಿ ನಮ್ಮ ನೆರೆಯ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಕ್ಕೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಆ ಜಾಗದಲ್ಲಿ ಹುಣಸೆ, ಮಾವಿನ ಬೀಜಗಳನ್ನು ಊರಿದರು. ಅವರು ಹಸಿರಿನ ವಿರೋಧಿಗಳಾಗಿರಲಿಲ್ಲ. ಯಾವ ಹಸಿರು ಎಂದು ಕೇಳಿದವರು. ಸರ್ಕಾರ ಆ ಪ್ರಶ್ನೆಯನ್ನು ಒಪ್ಪಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ.

ಒಂದು ಆಕ್ಷೇಪ, ಅದಕ್ಕೆ ಉತ್ತರ

‘ನೀವು ಹೇಳುತ್ತಿರುವುದು ಹಳೆಯ ಮಾತು, ಈಗಿನ ಕೃತಕ ಬುದ್ಧಿಮತ್ತೆ ಬಣ್ಣದ ಜೊತೆಗೆ ಆಕಾರ, ಅಂಚು, ನರಗಳನ್ನೂ ನೋಡುತ್ತದೆ’ ಎಂದು ತಂತ್ರಜ್ಞ ಮಿತ್ರರು ಹೇಳುತ್ತಾರೆ. ನಿಜ, ಅದು ಬಣ್ಣದ ಸೂತ್ರಕ್ಕಿಂತ ಬಹಳ ಮುಂದೆ ಹೋಗಿದೆ. ಆದರೆ ಅದಕ್ಕೆ ಗಿಡಗಳ ಹೆಸರನ್ನು ಕಲಿಸಿದವರು ಯಾರು? ಮನುಷ್ಯರು ಹೆಸರು ಬರೆದು ಕೊಟ್ಟ ಚಿತ್ರಗಳಿಂದ ಅದು ಕಲಿಯುತ್ತದೆ. ಯಾವ ಬೆಳೆಯ ಚಿತ್ರಗಳು ಹೇರಳವಾಗಿವೆಯೋ ಅದನ್ನು ಚೆನ್ನಾಗಿ ಗುರುತಿಸುತ್ತದೆ; ಚಿತ್ರವಿಲ್ಲದ್ದನ್ನು ತನಗೆ ಗೊತ್ತಿರುವ ಹೆಸರುಗಳಲ್ಲಿ ಒಂದಕ್ಕೆ ಹೊಂದಿಸುತ್ತದೆ. ಅಕ್ಕಡಿ ಹೊಲದ ಹುಚ್ಚೆಳ್ಳಿನ ಚಿತ್ರಗಳನ್ನು ಯಾರು, ಎಷ್ಟು ಸಂಗ್ರಹಿಸಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಸಂಶಯ ನ್ಯಾಯವಾದದ್ದು.

ಈ ಚರ್ಚೆ ಬರೀ ಪಾಂಡಿತ್ಯದ್ದಲ್ಲ. ಕರ್ನಾಟಕದಲ್ಲಿ 2020ರ ಮುಂಗಾರಿನಿಂದ ರೈತರೇ ಮೊಬೈಲಿನಲ್ಲಿ ತಮ್ಮ ಬೆಳೆಯ ಚಿತ್ರ ತೆಗೆದು ಬೆಳೆ ಸಮೀಕ್ಷೆಗೆ ಕಳುಹಿಸುವ ಕ್ರಮ ಬಂದಿತು. ಬೆಂಬಲ ಬೆಲೆ, ಬೆಳೆ ಹಾನಿ ಪರಿಹಾರ, ವಿಮೆಗಳಿಗೆ ಈ ದಾಖಲೆ ಆಧಾರ. ಅದರಲ್ಲಿ ಬೆಳೆಯ ಹೆಸರನ್ನು ಹೇಳುವವನು ರೈತ. ಅದು ಒಳ್ಳೆಯ ಕ್ರಮ. ಫಸಲ್ ಬಿಮಾ ಯೋಜನೆಯಲ್ಲಿ 2023ರಿಂದ ಭತ್ತ ಹಾಗೂ ಗೋಧಿಯ ಇಳುವರಿ ಅಂದಾಜಿಗೆ ದೂರಸಂವೇದಿ ತಂತ್ರಜ್ಞಾನದ ಲೆಕ್ಕವನ್ನೂ ಸೇರಿಸಿಕೊಳ್ಳಲಾಯಿತು. 2025ರಲ್ಲಿ ಕೇಂದ್ರ ಕೃಷಿ ಸಚಿವಾಲಯ ಪ್ರಕಟಿಸಿದ ಕ್ರಾಪಿಕ್ ಯೋಜನೆ, ಬೆಳೆಯ ಅವಧಿಯಲ್ಲಿ ನಾಲ್ಕೈದು ಬಾರಿ ಚಿತ್ರ ತೆಗೆದು ಕೃತಕ ಬುದ್ಧಿಮತ್ತೆಯಿಂದ ಬೆಳೆಯ ಸ್ಥಿತಿಯನ್ನೂ ಹಾನಿಯನ್ನೂ ತಿಳಿಯುವ ಉದ್ದೇಶದ್ದು. ಹೀಗೆ ಹೆಸರು ಹೇಳುವ ಅಧಿಕಾರ ಮೆಲ್ಲಮೆಲ್ಲನೆ ಹೊಲದಿಂದ ಗಣಕದ ಕಡೆಗೆ ಸರಿಯುತ್ತಿದೆ. ಮನುಷ್ಯ ಅಧಿಕಾರಿ ತಪ್ಪು ಬರೆದರೆ ತಾಲ್ಲೂಕು ಕಚೇರಿಯಲ್ಲಿ ಅವನ ಮುಂದೆ ನಿಂತು ಜಗಳವಾಡಬಹುದು. ಮಿತಿ ಅಂಕಿಯ ಮುಂದೆ ನಿಂತು ಯಾರು ಜಗಳವಾಡುವುದು?

ನಮ್ಮ ಬೇಡಿಕೆಗಳು

ಒಂದು: ಚಿತ್ರ ಅಥವಾ ಗಣಕದ ತೀರ್ಮಾನದಿಂದ ಪರಿಹಾರವೋ ವಿಮೆಯೋ ಕಡಿಮೆಯಾಗುವುದಾದರೆ, ಆ ಚಿತ್ರವನ್ನೂ ಕಾರಣವನ್ನೂ ಕನ್ನಡದಲ್ಲಿ ರೈತನಿಗೆ ಕೊಡಬೇಕು, ತಿರಸ್ಕರಿಸುವ ಮೊದಲು ಒಬ್ಬ ಮನುಷ್ಯ ಹೊಲಕ್ಕೆ ಬಂದು ಎಲೆಯನ್ನು ಮಗುಚಿ ನೋಡಬೇಕು.

ಎರಡು: ಸಾರ್ವಜನಿಕ ಹಣದಿಂದ ಬಳಸುವ ಇಂಥ ಪ್ರೋಗ್ರಾಮುಗಳನ್ನು ಬಹಿರಂಗಪಡಿಸಬೇಕು. ಯಾವ ಬೆಳೆಯಲ್ಲಿ, ಯಾವ ತಾಲ್ಲೂಕಿನಲ್ಲಿ, ಅಕ್ಕಡಿ ಹೊಲದಲ್ಲಿ ನೂರಕ್ಕೆ ಎಷ್ಟು ಬಾರಿ ಅವು ತಪ್ಪುತ್ತವೆ ಎಂಬುದನ್ನೂ ಪ್ರಕಟಿಸಬೇಕು.

ಮೂರು: ಅರಣ್ಯ ಹೊದಿಕೆಯ ಜಿಲ್ಲಾವಾರು ಲೆಕ್ಕದಲ್ಲಿ ನೈಸರ್ಗಿಕ ಕಾಡು, ನೆಡುತೋಪು, ತೋಟ ಇವು ಬೇರೆ ಬೇರೆ ಅಂಕಣಗಳಲ್ಲಿರಬೇಕು.

ನಾಲ್ಕು: ಮಿಶ್ರಬೆಳೆಯ ಪ್ರದೇಶಗಳಲ್ಲಿ ಕ್ಯಾಮೆರಾ ಆಧಾರಿತ ಕಳೆನಾಶಕ ಸಿಂಪಡಣೆಗೆ ಸಹಾಯಧನ ಕೊಡಕೂಡದು, ಆ ಹಣ ಎಡೆಕುಂಟೆಗೂ ಕೈಯಿಂದ ತಳ್ಳುವ ಕಳೆ ಯಂತ್ರಕ್ಕೂ ಹೋಗಲಿ.

ನಮಗೂ ಒಂದು ಕೆಲಸವಿದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲೆಯನ್ನು ಬರೆಸಬೇಕು. ಶಿಕ್ಷಕ ಮಿತ್ರರೆ, ನಿಮ್ಮ ಶಾಲೆಯ ಮಕ್ಕಳು ವೆಬ್‌ಕ್ಯಾಮಿನ ಪ್ರೋಗ್ರಾಮನ್ನು ಖಂಡಿತ ಬರೆಯಲಿ. ಒಂದು ಚದರ ಮೀಟರಿನಲ್ಲಿ ಎಷ್ಟು ಹಸಿರು, ಎಷ್ಟು ಬರಿಮಣ್ಣು ಎಂದು ಅಳೆಯಲು, ಮುಂಗಾರಿನ ಮುಂಚೆ ಮತ್ತು ಆಮೇಲೆ ಹೊಲದ ಹೊದಿಕೆ ಎಷ್ಟು ಬದಲಾಯಿತೆಂದು ನೋಡಲು ಅದು ಚೆಲುವಾದ ಸಾಧನ. ಆಮೇಲೆ ಅದೇ ಚೌಕದ ಪಕ್ಕದಲ್ಲಿ ಊರಿನ ಅಜ್ಜಿಯೊಬ್ಬರನ್ನು ಕೂರಿಸಿ, ಯಂತ್ರ ‘ಹಸಿರು’ ಎಂದ ಒಂದೊಂದು ಗಿಡದ ಹೆಸರನ್ನೂ ಉಪಯೋಗವನ್ನೂ ಕೇಳಿ ಬರೆಸಿ. ಎಲೆಯ ಮೇಲುಭಾಗ, ಅಡಿಭಾಗ ಎರಡರ ಚಿತ್ರವನ್ನೂ ಜೊತೆಗಿಡಿ. ಯಂತ್ರದ ಪಟ್ಟಿಯಲ್ಲಿ ಒಂದು ಸಾಲಿರುತ್ತದೆ. ಅಜ್ಜಿಯ ಪಟ್ಟಿಯಲ್ಲಿ ಎಷ್ಟು ಸಾಲುಗಳಾದವೆಂದು ಎಣಿಸಿ ಪಂಚಾಯಿತಿಯ ದಾಖಲೆಗೆ ಸೇರಿಸಿ. ನಾಳೆ ಯಾವುದೇ ಯಂತ್ರ ನಮ್ಮ ಹೊಲಕ್ಕೆ ಬಂದು ಹೆಸರು ಹೇಳತೊಡಗಿದಾಗ, ಅದು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ನಮ್ಮ ಕೈಯಲ್ಲಿ ಇರಬೇಕಾದ ಪುಸ್ತಕ ಅದು. ಈ ಮುಂಗಾರಿನಲ್ಲೇ ಬರೆಯಲು ಆರಂಭಿಸೋಣ.